ನಾನು ವಿಂಡೋಸ್ ಓಡಿಸಿದ ಭಾನುವಾರ

"ಇಂದಿನಿಂದ ಈ ಮನೆಯಲ್ಲಿ ಪರರ ಆಳ್ವಿಕೆ ನಡೆಯುವುದಿಲ್ಲ!"

ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು, ಒಂದು ಕೈಯಲ್ಲಿ ಚಹಾದ ಕಪ್ಪು, ಇನ್ನೊಂದು ಕೈಯಲ್ಲಿ ಒಂದು ಸೀಡಿ ಹಿಡಿದು ನಾನು ಹೀಗೆ ಘೋಷಿಸಿದಾಗ, ನನ್ನ ಹೆಂಡತಿ ಶಿವರಂಜನಿ ಮೆಂತ್ಯಪಲ್ಲೆ ಸೋಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ಅತ್ತಿಯಾರು ಹೊಂಬಳಕ್ಕ ಹೋಗ್ಯಾರ ಅಂತ ಇಷ್ಟ್ ಜೋರಾಗಿ ಹೇಳಬ್ಯಾಡ್ರಿ. ಓಣಿಯವರಿಗೆ ಕೇಳಸ್ತೈತಿ," ಅಂದಳು.

"ಅವ್ವನ ಆಳ್ವಿಕಿ ಅಲ್ಲ! ನಾ ಹೇಳಾಕತ್ತಿದ್ದು ವಿಂಡೋಸಿಂದು. ಅದನ್ನ ಇವತ್ತ ಮನಿ ಬಿಟ್ಟು ಹೊರಗ ಹಾಕ್ತೀನಿ!"

"ಕಿಡಕಿ ಕಿತ್ತು ಹೊರಗ ಹಾಕಿದ್ರ ಗಾಳಿ ಎಲ್ಲಿಂದ ಬರಬೇಕ್ರಿ?"

ಓದುಗರೇ, ಕ್ರಾಂತಿಕಾರಿಗಳಿಗೆಲ್ಲ ಮೊದಲ ಅಡ್ಡಿ ಅಡಿಗೆಮನೆಯಿಂದಲೇ ಬರುತ್ತದೆ. ನಾನು ಚನ್ನಬಸವಣ್ಣ, ಗದಗಿನ ಒಂದು ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕ. ಸ್ವಾತಂತ್ರ್ಯ ಹೋರಾಟವನ್ನು ವರ್ಷ ವರ್ಷವೂ ಪಾಠ ಮಾಡಿ ಮಾಡಿ, ನಾನೂ ಒಂದು ಹೋರಾಟ ಮಾಡಬೇಕಿತ್ತಲ್ಲ ಎಂಬ ಹಸಿವು ಹೊಟ್ಟೆಯಲ್ಲಿ ಉಳಿದುಬಿಟ್ಟಿತ್ತು. ಆಗ ಗದಗ ಜಿಲ್ಲೆಯಾಗಿ ಹತ್ತು ವರ್ಷ ಆಗುತ್ತ ಬಂದಿತ್ತು. ಧಾರವಾಡದಿಂದ ಬಿಡುಗಡೆ ಪಡೆದವರು ನಾವು. ಆದರೆ ನೋಡಿ, ಬಿಡುಗಡೆಯ ಪಾಠ ಕೇಳಲು ನಾನು ಮತ್ತೆ ಧಾರವಾಡಕ್ಕೇ ಹೋಗಬೇಕಾಯಿತು! ಅಲ್ಲಿ ಮುಕ್ತ ತಂತ್ರಾಂಶದ ಒಂದು ಶಿಬಿರ ನಡೆದಿತ್ತು. ಕಾಲೇಜಿನಿಂದ ಯಾರಾದರೂ ಹೋಗಬೇಕಿತ್ತು, ಕಂಪ್ಯೂಟರ್ ಕಲಿಸುವವರು ರಜೆಯಲ್ಲಿದ್ದರು, ನನ್ನನ್ನು ಅಟ್ಟಿದರು.

ಅಲ್ಲಿ ಕೇಳಿದ ಮಾತು ನನ್ನ ನೆತ್ತಿಗೇರಿತು. ಜಗತ್ತಿನ ಬಹುಪಾಲು ಕಂಪ್ಯೂಟರುಗಳ ಒಳಗೆ ಕೂತು ಅವನ್ನು ನಡೆಸುತ್ತಿರುವುದು ಒಂದೇ ಕಂಪನಿಯ ವಿಂಡೋಸ್ ಅಂತೆ. ಅದು ಒಳಗೆ ಏನು ಮಾಡುತ್ತದೆ ಎಂದು ನಾವು ಬಿಚ್ಚಿ ನೋಡುವಂತಿಲ್ಲ, ಬದಲಿಸುವಂತಿಲ್ಲ, ಗೆಳೆಯನಿಗೆ ಕೊಡುವಂತಿಲ್ಲ; ಆ ಕಂಪನಿ ನಮ್ಮನ್ನು ಒಂದು ಮಾತೂ ಕೇಳುವುದಿಲ್ಲ. ಅದಕ್ಕೆ ಎದುರಾಗಿ ಲಿನಕ್ಸ್ ಎಂಬುದೊಂದು ಇದೆ. ದೇಶದೇಶಗಳ ಜನ ಸೇರಿ ಬರೆದದ್ದು. ಬಿಚ್ಚಿ ನೋಡಿ, ತಿದ್ದಿ, ಹಂಚಿ, ಯಾರೂ ಬೇಡ ಅನ್ನುವುದಿಲ್ಲ! ಬರುವಾಗ ಎಲ್ಲರ ಕೈಗೂ ಒಂದೊಂದು ಸೀಡಿ ಕೊಟ್ಟರು. ಬಸ್ಸಿನಲ್ಲಿ ಅದನ್ನು ಅಂಗಿಯ ಒಳಗೆ ಎದೆಗೆ ಒತ್ತಿಕೊಂಡು ಬಂದೆ, ಭೂಗತ ಹೋರಾಟಗಾರರು ಕರಪತ್ರ ತರುತ್ತಿದ್ದಂತೆ.

"ನಮ್ಮ ಮನ್ಯಾಗಿರೂ ವಿಂಡೋಸ್ ಕಳವಿಂದು ಗೊತ್ತೈತೇನು?" ಎಂದು, ಇದೆಲ್ಲದರ ಭಾಷಣ ಮುಗಿಸಿ, ಹೆಂಡತಿಯನ್ನು ಕೇಳಿದೆ. "ಕಂಪ್ಯೂಟರ್ ಅಂಗಡಿ ಕಳಕಪ್ಪ ಮಾರ್ಕರ್ ಪೆನ್ನಿನಾಗ ಹೆಸರು ಬರದ ಸೀಡಿಯಿಂದ ಹಾಕ್ಯಾನ. ಮಾಸ್ತರನ ಮನ್ಯಾಗ ಕಳವಿನ ಮಾಲು!"

"ಇಷ್ಟ್ ವರ್ಷ ಅದರಾಗ ಇಸ್ಪೀಟ್ ಆಡುಮುಂದ ಕಳವಿಂದು ಅನಸಲಿಲ್ಲೇನ್ರಿ?"

ಇದಕ್ಕೆ ಇತಿಹಾಸದಲ್ಲಿ ಉತ್ತರವಿಲ್ಲ. ಖರೆ ಹೇಳಬೇಕೆಂದರೆ ಆ ಕಂಪ್ಯೂಟರ್ ಅವಳದು. ಗದಗಿನ ಪ್ರೆಸ್ಸುಗಳಿಗೆ ಮದುವೆ ಕಾರ್ಡು ಕಂಪೋಸ್ ಮಾಡಿಕೊಡುವುದು ಅವಳ ಉದ್ಯೋಗ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯವರೂ ಪ್ರೆಸ್ಸಿಗೆ ಹೋಗಿ, "ಬೆಟಗೇರಿ ಅಕ್ಕಾರ ಕಡೆನ ಮಾಡಸ್ರಿ" ಅನ್ನುವಷ್ಟು ಹೆಸರು ಮಾಡಿದ್ದಳು. ಅವಳ ಕೆಲಸ ಮುಗಿದ ಮೇಲೆ ಇಸ್ಪೀಟು ಆಡುವುದಷ್ಟೇ ನನ್ನ ಹಕ್ಕು.

"ಸಂಜಿಗೆ ಲಕ್ಷ್ಮೇಶ್ವರದ ಮಹಬೂಬಸಾಬರು ಬರ್ತಾರ," ಅಂದಳು. "ಅವರ ಮಗಳು ಮುನ್ನಿ ಮದವಿ ಕಾರ್ಡು ತಯಾರ್ ಐತಿ. ಅವರು ಒಮ್ಮಿ ನೋಡಿ ಹ್ಞೂಂ ಅಂದ್ರ ನಾಳೆ ಮುಂಜಾನೆ ಪ್ರೆಸ್ಸಿಗೆ ಹೋಗ್ತೈತಿ. ಅದು ಹೋಗೂತನಕ ನನ್ನ ಕಂಪ್ಯೂಟರ್ ಮುಟ್ಟಬ್ಯಾಡ್ರಿ. ಆಮ್ಯಾಲೆ ಕುಂತು ಮಾತಾಡೂಣು."

"ನಮ್ಮ ಕಂಪ್ಯೂಟರ್," ಎಂದು ತಿದ್ದಿದೆ.

ಆಗ ಮೊದಲ ಸಲ ತಲೆ ಎತ್ತಿ ನೋಡಿದಳು. ಊಟ ಮುಗಿಸಿ, ಮಲ್ಲಸಮುದ್ರದಲ್ಲಿ ಗೆಳತಿ ಕಸ್ತೂರೆವ್ವನ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೊರಟುಹೋದಳು.

ಮನೆಯಲ್ಲಿ ನಾನು, ಕಂಪ್ಯೂಟರು ಮತ್ತು ಸೀಡಿ. ಅವಳು ಬರುವುದರೊಳಗೆ ಸ್ವಾತಂತ್ರ್ಯ ತಂದು, ಬಾಗಿಲಲ್ಲೇ ಆರತಿ ಎತ್ತಿಸಿಕೊಳ್ಳುವ ಆಸೆ ನನಗೆ. ಕಾರ್ಡಿಗೇನು, ಅದು ಇದ್ದಲ್ಲೇ ಇರುತ್ತದೆ! ನನಗೂ ಅಷ್ಟು ಕಂಪ್ಯೂಟರ್ ಜ್ಞಾನ ಇಲ್ಲವೇ? ಅದರಲ್ಲಿ ಸಿ ಎಂಬ ಖಾನೆ ಒಂದು, ಡಿ ಎಂಬ ಖಾನೆ ಒಂದು. ವಿಂಡೋಸ್ ಇರುವುದು ಸಿ ಒಳಗೆ. ಶಿವರಂಜನಿಯ ಕಾರ್ಡುಗಳಿರುವುದು ಡಿ ಒಳಗೆ. ಸಿ ಖಾಲಿ ಮಾಡಿಸಿದರೆ ಡಿ ಯಾಕೆ ಅಳಬೇಕು?

ಸೀಡಿ ಹಾಕಿದೆ. ಬಹಳ ಮರ್ಯಾದಸ್ಥ ತಂತ್ರಾಂಶ! ಪ್ರತಿಯೊಂದನ್ನೂ ಕೇಳಿ ಕೇಳಿ ಮಾಡುತ್ತದೆ. ನೀವು ಯಾವ ಊರಿನವರು ಎಂದು ಜಗತ್ತಿನ ಭೂಪಟ ತೋರಿಸಿತು. ಭಾರತದ ಪಾಲಿಗೆ ಅದರಲ್ಲಿದ್ದ ಊರು ಕಲ್ಕತ್ತಾ. ಬೆಟಗೇರಿಯಲ್ಲಿ ಕೂತು, ಒಂದು ಗುಂಡಿ ಒತ್ತಿ ಬಂಗಾಲಿಯಾದೆ. ಕ್ರಾಂತಿಗೆ ಅದೂ ಒಳ್ಳೆಯ ಶಕುನವೇ ಅಂದುಕೊಂಡೆ!

ಆಮೇಲೆ ಬಂತು ದೊಡ್ಡ ಪ್ರಶ್ನೆ. "ಈಗಿರುವುದರ ಪಕ್ಕದಲ್ಲೇ ಸ್ವಲ್ಪ ಜಾಗ ಮಾಡಿಕೊಂಡು ಇರಲೇ, ಅಥವಾ ಇಡೀ ಡಿಸ್ಕ್ ತೆಗೆದುಕೊಳ್ಳಲೇ?"

ಪಕ್ಕದಲ್ಲೇ? ಸ್ವಲ್ಪ ಜಾಗ? ಅರೆಬರೆ ಸ್ವಾತಂತ್ರ್ಯ ತೆಗೆದುಕೊಂಡು ಏನು ಮಾಡುವುದು! ನಾನು ತರಗತಿಯಲ್ಲಿ ಮೇಜು ಗುದ್ದಿ ಹೇಳುವ ಮಾತನ್ನು ಪಡಸಾಲೆಯಲ್ಲಿ ಒಬ್ಬನೇ ಕೂಗಿದೆ: "ಸಂಪೂರ್ಣ ಸ್ವರಾಜ್ಯ!" ಇಡೀ ಡಿಸ್ಕ್ ಎಂಬುದನ್ನು ಒತ್ತಿದೆ. ಅದು ಮತ್ತೊಮ್ಮೆ ಎಚ್ಚರಿಸಿತು, ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಚಿತವೇ ಎಂದು. ಅದಕ್ಕೇ ಅಲ್ಲವೇ ಇಷ್ಟೆಲ್ಲ? ಖಚಿತ ಎಂದೆ. ಒಂದು ನೀಲಿ ಪಟ್ಟಿ ಎಡದಿಂದ ಬಲಕ್ಕೆ ತೆವಳತೊಡಗಿತು. ನಾನು ಅದರ ಮುಂದೆ ಕೈಕಟ್ಟಿ ನಿಂತೆ, ಧ್ವಜಾರೋಹಣದಲ್ಲಿ ನಿಂತಂತೆ.

ಪರದೆ ಬದಲಾಯಿತು. ಮುಂಡರಗಿ ದಾರಿಯಲ್ಲಿ ಕಪ್ಪತಗುಡ್ಡದ ಕಡೆ ಕಾಣುವ ಮಣ್ಣಿನ ಬಣ್ಣ. ಏನು ಚೆಂದ! ವೈರಸ್ಸಿನ ಎಚ್ಚರಿಕೆ ಇಲ್ಲ, ಕಳಕಪ್ಪನ ಸಹಿ ಇಲ್ಲ. ಹೆಮ್ಮೆಯಿಂದ ಎದೆ ಉಬ್ಬಿಸಿ, ಮುನ್ನಿಯ ಕಾರ್ಡು ಒಮ್ಮೆ ನೋಡೋಣ ಎಂದು ಡಿ ಹುಡುಕಿದೆ.

ಡಿ ಇರಲಿಲ್ಲ.

ಮೇಲೆ ಹುಡುಕಿದೆ, ಕೆಳಗೆ ಹುಡುಕಿದೆ. ಎ ಇಂದ ಝಡ್ ತನಕ ಯಾವ ಅಕ್ಷರವೂ ಇರಲಿಲ್ಲ! ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದೆ. ಆರಿಸಿದರೆ ಕಂಪ್ಯೂಟರಿಗೆ ಬುದ್ಧಿ ಬರುತ್ತದೆ ಎಂದು ಯಾರೋ ಹೇಳಿದ್ದರು. ಅದಕ್ಕೆ ಬರಲಿಲ್ಲ. ನನಗೆ ಸ್ವಲ್ಪ ಸ್ವಲ್ಪ ಬರತೊಡಗಿತು. ಬೆನ್ನಿನ ಮೇಲೆ ಬೆವರಾಗಿ ಬಂತು.

ಕಂಪ್ಯೂಟರಿನ ಡಬ್ಬಿಯ ವೈರೆಲ್ಲ ಕಿತ್ತು, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಆಟೋ ಹತ್ತಿ ಗದಗಿನ ಟಾಂಗಾಕೂಟದ ಹತ್ತಿರ ಕಳಕಪ್ಪನ ಅಂಗಡಿಗೆ ಹೋದೆ. ಕಳಕಪ್ಪ ಅದನ್ನು ತನ್ನ ಪರದೆಗೆ ಜೋಡಿಸಿ ನೋಡಿದ.

"ಸರ್, ಇದರಾಗ ಡಿ ಇತ್ತು. ಈಗ ಇಲ್ಲ."

"ಎಲ್ಲಿ ಹೋತು?"

"ನೀವ ಕಳಿಸೀರಿ. ಸಿ, ಡಿ ಅಂದ್ರ ಒಂದ ಹೊಲದಾಗ ಹಾಕಿದ ಬದು ಇದ್ದಂಗ ಸರ್. ನೀವು ಬದು ಸೈತ ಇಡೀ ಹೊಲ ಹರಗಿಬಿಟ್ಟೀರಿ."

"ವಾಪಸ್ ತರಾಕ ಬರಂಗಿಲ್ಲೇನು?"

"ನೋಡ್ತೀನಿ. ಆದ್ರ ಅದರ ಮ್ಯಾಲೆ ಹೊಸಾದು ಬಿತ್ತಿಬಿಟ್ಟೀರಲ್ರಿ." ಒಂದಿಷ್ಟು ಹೊತ್ತು ಏನೇನೋ ಒತ್ತಿದ. ಸಿಕ್ಕಿದ್ದು ಅರ್ಧಂಬರ್ಧ ಗಣಪತಿ ಚಿತ್ರ ಒಂದು, ಹೆಸರೇ ಇಲ್ಲದ ಫೈಲುಗಳು ಕೆಲವು. "ಬ್ಯಾಕಪ್ ತಗದು ಇಟ್ಟೀರಿಲ್ಲೋ?"

"ಹಂಗಂದ್ರ?"

ಕಳಕಪ್ಪ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯುವುದಿಲ್ಲ. ನನ್ನ ವಿದ್ಯಾರ್ಥಿಗಳು ಇದನ್ನು ಓದುವ ಸಂಭವವಿದೆ. "ಬೇಕಾದ್ರ ವಿಂಡೋಸ್ ಮತ್ತ ಹಾಕಿ ಕೊಡ್ತೀನಿ. ಕಾರ್ಡು ಮಾತ್ರ ನಾ ಎಲ್ಲಿಂದ ತರ್ಲಿ?" ಅಂದ. ಸೋತು ಬಂದು ಅದನ್ನೇ ಹಾಕಿಸಿಕೊಳ್ಳುವುದೇ? ಮಾನ ಬಿಟ್ಟರೂ ಸ್ವಾಭಿಮಾನ ಬಿಡಲಿಲ್ಲ. ಡಬ್ಬಿ ಎತ್ತಿಕೊಂಡು ವಾಪಸ್ ಬಂದೆ.

ನಮ್ಮ ಕಟ್ಟೆಯ ಮೇಲೆ ಪಕ್ಕದ ಮನೆಯ ಹನಮಂತವ್ವ ಕೂತಿದ್ದಳು. "ಟೀವಿ ರಿಪೇರಿ ಆತೇನ್ರಿ ಮಾಸ್ತರ?"

"ಟೀವಿ ಅಲ್ಲವ್ವ, ಕಂಪ್ಯೂಟರ್. ರಿಪೇರಿ ಆಗೇತಿ."

"ಆಗಿದ್ರ ಮತ್ತ ಮಾರಿ ಯಾಕ ಹಂಗ ಮಾಡೀರಿ?"

ಒಳಗೆ ಬಂದವನಿಗೆ ಒಂದು ಜೀವದಾನ ಕಾಣಿಸಿತು. ಮೇಜಿನ ಮೇಲೆ ಮುನ್ನಿಯ ಕಾರ್ಡಿನ ಹಿಂದಿನ ವಾರದ ಒಂದು ಪ್ರಿಂಟು ಬಿದ್ದಿತ್ತು. ನೋಡಿ ನೋಡಿ ಹೊಡೆದರೆ ಆಯಿತು! ಎರಡು ಬೆರಳಿನಲ್ಲಿ ಕುಟ್ಟತೊಡಗಿದೆ. ಆದರೆ ಕಾರ್ಡು ಜೋಡಿಸುವ ಆ ತಂತ್ರಾಂಶದಲ್ಲಿ ನಾನು ಹೊಡೆದ ಕನ್ನಡ ಬಂದದ್ದು ಹೀಗೆ: ವರ ಶಾಕೀರನ ಊರು "ಶಿರಹಟ್‌ಟಿ", ವಧುವಿನ ಹೆಸರು "ಮುನ್‌ನಿ", ಬೀಗರೆಲ್ಲ ಬರಬೇಕಾದ ಸ್ಥಳ "ಲಕ್‌ಷ್‌ಮೇಶ್‌ವರ". ಒತ್ತಕ್ಷರ ಒಂದೂ ಒತ್ತಿ ಕೂರಲೊಲ್ಲದು! ಊರಿಗೆ ಊರೇ ಭೂಕಂಪಕ್ಕೆ ಸಿಕ್ಕಂತೆ ಒಡೆದು ನಿಂತಿತ್ತು. ಈ ಕಾರ್ಡು ನೋಡಿ ಬಂದವರು ಮದುವೆಗೆ ಬರುತ್ತಾರೋ, ಪರಿಹಾರ ಸಾಮಗ್ರಿ ತರುತ್ತಾರೋ!

ಭಾಷೆಯ ಪಟ್ಟಿಯಲ್ಲಿ ಬೇರೆ ಕನ್ನಡ ಇರಬಹುದೇನೋ ಎಂದು ಒಂದೊಂದನ್ನೇ ಒತ್ತಿ ನೋಡತೊಡಗಿದೆ. ಯಾವುದನ್ನು ಒತ್ತಿದೆನೋ, ಇದ್ದಕ್ಕಿದ್ದಂತೆ ಅಕ್ಷರಗಳು ಬಲಗಡೆಯಿಂದ ಎಡಗಡೆಗೆ ಓಡತೊಡಗಿದವು. ನಾನು ಹೌಹಾರಿದೆ. ಕಂಪ್ಯೂಟರು ಹಿಂದಕ್ಕೆ ನಡೆಯುತ್ತಿದೆ! ಅಳಿಸಲು ಹೋದರೆ ಅಳಿಸುವುದೂ ಉಲ್ಟಾ!

"ಮಾಸ್ತರ... ಅಕ್ಕಾರ ಅದಾರೇನ್ರಿ?"

ಬಾಗಿಲಲ್ಲಿ ಮಹಬೂಬಸಾಬ. ಲಕ್ಷ್ಮೇಶ್ವರದಲ್ಲಿ ತಗಡಿನ ಟ್ರಂಕು ಮಾಡಿ ಮಾರುವ ಅಂಗಡಿ ಅವರದು. ಕೈಯಲ್ಲಿ ಹಸಿ ಶೇಂಗಾದ ಚೀಲ. ನಾನು ಎದ್ದು ಪರದೆಗೆ ಅಡ್ಡ ನಿಂತೆ. ನನ್ನ ಮೈ ಕಡ್ಡಿ, ಪರದೆ ಅಗಲ. ಪ್ರಯೋಜನವಾಗಲಿಲ್ಲ.

"ಅರೆ! ಇದು ನಮ್ಮ ಉರ್ದು ಐತಲ್ರಿ!"

"ಹೌದೇನ್ರಿ?" ಅಂದೆ. ಆಮೇಲೆ ಸಾವರಿಸಿಕೊಂಡು, "ಹೌದಲ್ಲ ಮತ್ತ!" ಅಂದೆ.

ಅವರು ಕನ್ನಡಕ ಏರಿಸಿ ಹತ್ತಿರ ಬಂದು ಓದಲು ನೋಡಿದರು. ತುಟಿ ಅಲ್ಲಾಡಿಸಿದರು. ತಲೆ ವಾಲಿಸಿದರು. ಕೊನೆಗೆ ಬಹಳ ವಿನಯದಿಂದ, "ಅಕ್ಷರ ನಮ್ಮವ ಅದಾವ ಮಾಸ್ತರ. ಮಾತು ಮಾತ್ರ ಯಾವ ದೇಶದ್ದೋ ತಿಳೀವಲ್ದು," ಅಂದರು.

"ನೀವೇ ಒಂದೀಟು ಹೊಡದು ನೋಡ್ರಿ," ಎಂದು ಖುರ್ಚಿ ಬಿಟ್ಟುಕೊಟ್ಟೆ. ಅವರು ಕೂತರು. ಟ್ರಂಕಿನ ತಗಡು ಬಡಿದು ದಪ್ಪಗಾದ ಬೆರಳು. ಒಂದೊಂದು ಗುಂಡಿ ಒತ್ತಿ ಯಾವ ಅಕ್ಷರ ಬರುತ್ತದೆ ಎಂದು ಹುಡುಕುತ್ತ ಹೋದರು. ಬೇಡವಾದದ್ದು ಬಂದರೆ "ತೋಬಾ" ಅನ್ನುವುದು, ಬೇಕಾದದ್ದು ಸಿಕ್ಕರೆ ನನ್ನ ತೊಡೆ ಬಡಿಯುವುದು. ಕೊನೆಗೆ ಒಂದು ಪುಟ್ಟ ಹೆಸರು ಪರದೆಯ ಮೇಲೆ ಕೂತಿತು. ಅಕ್ಷರಗಳು ತಾವೇ ಒಂದರ ಕೈ ಒಂದು ಹಿಡಿದುಕೊಂಡವು.

"ಮುನ್ನಿ," ಎಂದು ಓದಿದರು. ಸುಮ್ಮನೆ ಅದನ್ನೇ ನೋಡುತ್ತ ಕೂತರು.

ಆಮೇಲೆ ಹೇಳಿದರು. ಅವರ ತಾಯಿ ಮೋತಿಬಿಗೆ ಕನ್ನಡ ಮಾತು ಬರುತ್ತದೆ, ಓದು ಬರುವುದಿಲ್ಲ. ಸಣ್ಣವಳಿದ್ದಾಗ ಕಲಿತ ಉರ್ದು ಒಂದೇ ಓದುವುದು. ಮೊಮ್ಮಗಳ ಕಾರ್ಡಿನಲ್ಲಿ ಉರ್ದುವಿನಲ್ಲೂ ಒಂದು ಸಾಲು ಇರಲಿ ಎಂದು ಕೇಳಿದ್ದಳಂತೆ. ಪ್ರೆಸ್ಸಿನವರು ಉರ್ದು ಬೇಕಾದರೆ ಹುಬ್ಬಳ್ಳಿಗೆ ಕಳಿಸಬೇಕು, ತಡ ಆಗುತ್ತದೆ ಅಂದರು. ಮುದುಕಿ "ಇರ್ಲಿ ಬಿಡಪ್ಪ" ಅಂದು ಸುಮ್ಮನಾದಳು.

"ಇರ್ಲಿ ಬಿಡು ಅಂದ್ಳಲ್ಲ, ಅದ ನನಗ ಚುಚ್ಚಾಕತ್ತಿತ್ರಿ ಮಾಸ್ತರ. ಬೈದಿದ್ರ ಏನೂ ಅನಸ್ತಿದ್ದಿಲ್ಲ. ಅಕ್ಕಾರು ಈ ಸಾಲು ಹಾಕಿದ್ರ ಕಾರ್ಡ್ ಹೆಂಗ ಕಾಣಸ್ತೈತಿ ತೋರಸ್ರಲ್ಲ?"

ಅದೇ ಹೊತ್ತಿಗೆ ತಲೆಯಲ್ಲಿ ಮಲ್ಲಿಗೆ, ಕೈಯಲ್ಲಿ ತೊಟ್ಟಿಲ ಕಾರ್ಯದ ಗುಗ್ಗರಿ ಕಾಳಿನ ಡಬ್ಬಿ ಹಿಡಿದು ಶಿವರಂಜನಿ ಒಳಗೆ ಬಂದಳು. ಮಣ್ಣಿನ ಬಣ್ಣದ ಪರದೆ ನೋಡಿದಳು. ನನ್ನನ್ನು ನೋಡಿದಳು. ಗುಗ್ಗರಿಯ ಡಬ್ಬಿಯನ್ನು ಮೇಜಿನ ಮೇಲೆ ಬಹಳ ಮೆಲ್ಲಗೆ ಇಟ್ಟಳು. ಆ ಮೆಲ್ಲಗೆ ಇಟ್ಟದ್ದೇ ನನ್ನ ಜೀವ ಹಿಂಡಿತು.

"ಕಾರ್ಡ್ ಎಲ್ಲೈತ್ರಿ?"

"ಅದು... ಸಿ ಒಳಗ ಇದ್ದದ್ದು ಹೋತು. ಡಿನೂ ಅದರ ಕೂಡ ಹೋತು."

"ಎಲ್ಲಾ?"

"ಎಲ್ಲಾ."

ನಾನು ಕಾದೆ. ಬೈಗುಳಕ್ಕೆ ಬೇಕಾದ ಉತ್ತರಗಳನ್ನು ಆಟೋದಲ್ಲೇ ತಯಾರು ಮಾಡಿಕೊಂಡಿದ್ದೆ. ಆದರೆ ಅವಳು ಕೇಳಿದ್ದು ಬೇರೆ.

"ನನ್ನ ಅಂಚುಗೋಳು?"

ಅದು ನನಗೆ ನೆನಪೇ ಆಗಿರಲಿಲ್ಲ. ಕಾರ್ಡಿನ ಸುತ್ತ ಹಾಕಲು ಬೆಟಗೇರಿ ಸೀರೆಯ ಅಂಚುಗಳನ್ನು ಚುಕ್ಕೆ ಚುಕ್ಕೆ ಇಟ್ಟು ತಾನೇ ಬರೆದುಕೊಂಡಿದ್ದಳು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಕೂತು ಬರೆದದ್ದು. ತಾಯಿಯ ಸೀರೆ, ಅತ್ತೆಯ ಸೀರೆ, ನೇಕಾರರ ಓಣಿಯಲ್ಲಿ ಮಗ್ಗದ ಮೇಲೆ ಕಂಡ ಸೀರೆ. ಜನ ಅವಳ ಕಡೆಯೇ ಕಾರ್ಡು ಮಾಡಿಸಬೇಕು ಅನ್ನುತ್ತಿದ್ದದ್ದು ಆ ಅಂಚಿಗೆ. ಅವೂ ಡಿ ಒಳಗಿದ್ದವು.

"ಅವೂ ಹೋದ್ವು," ಅಂದೆ.

ಶಿವರಂಜನಿ ಒಳಗೆ ಹೋದಳು. ಅಡಿಗೆಮನೆಯಿಂದ ಒಂದು ಪಾತ್ರೆಯ ಸದ್ದೂ ಬರಲಿಲ್ಲ. ನಮ್ಮ ಮನೆಯಲ್ಲಿ ಪಾತ್ರೆ ಸದ್ದಾದರೆ ಅದು ಜಗಳ, ಒಂದು ತಾಸಿನಲ್ಲಿ ಮುಗಿಯುತ್ತದೆ. ಸದ್ದಾಗದೆ ಇದ್ದದ್ದು ನಾನು ಕೇಳಿರಲಿಲ್ಲ. ಮಹಬೂಬಸಾಬ ಶೇಂಗಾದ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಅವರ ಮುಖವೂ ಇಳಿದಿತ್ತು.

"ಕಾರ್ಡ್ ನಾಳೆ ಪ್ರೆಸ್ಸಿಗೆ ಹೋಗಲಿಲ್ಲ ಅಂದ್ರ ಹಂಚೂದು ಯಾವಾಗ್ರಿ ಮಾಸ್ತರ? ಡಂಬಳದಾಗ ನೆಂಟರು ದಾರಿ ಕಾಯಾಕತ್ಯಾರ. ಕಾರ್ಡ್ ಬರದ ಅವರು ಯಾರೂ ಕಾಲು ಕೀಳಂಗಿಲ್ಲ."

ಅದಕ್ಕೆ ಉತ್ತರ ಬಂದದ್ದು ಒಳಗಿನಿಂದ. ಶಿವರಂಜನಿ ಮುಖ ತೊಳೆದುಕೊಂಡು, ಸೆರಗು ಸಿಕ್ಕಿಸಿ ಹೊರಗೆ ಬಂದಿದ್ದಳು.

"ಒಂದು ದಿನ ತಡ ಆಗ್ತೈತ್ರಿ ಮಹಬೂಬಣ್ಣ. ಪ್ರೆಸ್ಸಿನವರಿಗೆ ನಾ ಹೇಳ್ತೀನಿ. ಮಂಗಳವಾರ ಹೋಗ್ತೈತಿ. ನೀವು ಉರ್ದು ಸಾಲು ಹೊಡದು ಕೊಟ್ಟ ಹೋಗ್ರಿ." ನನ್ನ ಕಡೆ ತಿರುಗಿದಳು. "ನೀವು ಏಳ್ರಿ ಅಲ್ಲಿಂದ."

ಎದ್ದೆ. ಹಾಗೆ ಎದ್ದವನು ಮರುದಿನವಿಡೀ ಅಡಿಗೆಮನೆಯಲ್ಲಿದ್ದೆ. ಕಾಲೇಜಿಗೆ ರಜೆ ಹಾಕಿದೆ. ನಾನು ಬಡಿದ ರೊಟ್ಟಿ ನಮ್ಮ ಹೊಸ ಜಿಲ್ಲೆಯ ನಕ್ಷೆಯಂತೆಯೇ ಬಂತು. ಹೆಂಚಿನ ಮೇಲೆ ಹಾಕುವಷ್ಟರಲ್ಲಿ ತಾಲೂಕು ತಾಲೂಕು ಬೇರೆಯಾಯಿತು! ಶಿವರಂಜನಿ ಪರದೆಯಿಂದ ಕಣ್ಣು ತೆಗೆಯದೆ ಅದನ್ನೇ ತಿಂದಳು.

ಕಾರ್ಡು ಜೋಡಿಸುವ ತಂತ್ರಾಂಶದಲ್ಲಿ ಅವಳಿಗೂ ಲಕ್ಷ್ಮೇಶ್ವರ ಒಡೆದೇ ಬಂತು. ಹೆಚ್ಚು ಹೊತ್ತು ಅದರ ಜತೆ ಗುದ್ದಾಡಲಿಲ್ಲ. ಸಾದಾ ಪತ್ರ ಬರೆಯುವ ಇನ್ನೊಂದು ತಂತ್ರಾಂಶ ತೆರೆದು ಹೊಡೆದು ನೋಡಿದಳು. ಅಲ್ಲಿ ಒತ್ತಕ್ಷರಗಳು ಕೂತವು. "ಅಲ್ಲಿ ಒಡೀತಾವ, ಇಲ್ಲಿ ಕೂಡ್ತಾವ. ಆತು, ಕಾರ್ಡು ಇಲ್ಲೇ ಮಾಡ್ತೀನಿ," ಎಂದು ತನಗೆ ತಾನೇ ಅಂದುಕೊಂಡಳು. ಮೇಲೆ ಮಹಬೂಬಸಾಬರ ಉರ್ದು ಸಾಲು, ಕೆಳಗೆ ಕನ್ನಡ. ಹಳೆಯ ವಿಂಡೋಸಿನಲ್ಲಿ ಅವಳಿಗೆ ಈ ಎರಡನ್ನೂ ಒಂದೇ ಹಾಳೆಯ ಮೇಲೆ ತರಲು ಬರುತ್ತಿರಲಿಲ್ಲ. ಪ್ರಿಂಟರ್ ಮಾತ್ರ ಹೊಸ ಒಡೆಯನನ್ನು ಒಪ್ಪಲಿಲ್ಲ. ಎಷ್ಟು ಒತ್ತಿದರೂ ಹಳೆಯ ನಿಷ್ಠೆಯ ಸಂಸ್ಥಾನಿಕನಂತೆ ಬಾಯಿ ಮುಚ್ಚಿ ಕೂತಿತು. ಕಾರ್ಡಿನ ಪಿಡಿಎಫ್ ಮಾಡಿ ಪೆನ್ ಡ್ರೈವಿಗೆ ಹಾಕಿ ಪ್ರೆಸ್ಸಿಗೆ ಒಯ್ಯಬಹುದು ಎಂದು ನಾನು ಶಿಬಿರದಲ್ಲಿ ಕೇಳಿದ್ದನ್ನು ಬಾಗಿಲ ಹತ್ತಿರ ನಿಂತೇ ಹೇಳಿದೆ. ಅದೊಂದು ಮಾತು ಉಪಯೋಗಕ್ಕೆ ಬಂತು.

ಉಳಿದದ್ದು ಅಂಚು. ಮಧ್ಯಾಹ್ನ ಅವಳು ಮಾಳಿಗೆಯ ಮೇಲಿನ ಪೆಟ್ಟಿಗೆಯಿಂದ ಒಂದು ಹಳೆಯ ಕೌದಿ ತಂದು ಮೇಜಿನ ಮೇಲೆ ಹರವಿದಳು. ಅವಳ ತಾಯಿಯ ಹರಿದ ಸೀರೆಗಳನ್ನು ತುಂಡು ಮಾಡಿ ಹೊಲಿದದ್ದು. ಬಣ್ಣ ಮಾಸಿತ್ತು, ಆದರೂ ಒಂದು ತುಂಡಿನಲ್ಲಿ ಅಂಚು ಇನ್ನೂ ಎದ್ದು ಕಾಣುತ್ತಿತ್ತು. ಅದನ್ನು ಬೆರಳಿನಿಂದ ಸವರಿ ನೋಡಿ, ಪರದೆಯ ಮೇಲೆ ಒಂದು ಚುಕ್ಕೆ ಇಟ್ಟಳು. ಮತ್ತೆ ಸವರಿದಳು, ಮತ್ತೊಂದು ಚುಕ್ಕೆ. ನಾನು ಚಹಾ ತಂದು ಇಟ್ಟು, ನಿಂತು ನೋಡಿದೆ. ಈ ಅಂಚು ಹೀಗೆ ಹುಟ್ಟುತ್ತದೆ ಎಂದು ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನಾನು ನೋಡಿರಲಿಲ್ಲ. ನಾನು ಅಳಿಸಿದ್ದು ಏನೆಂದು ಆಗ ತಿಳಿಯಿತು.

ಮಂಗಳವಾರ ಕಾರ್ಡು ಪ್ರೆಸ್ಸಿಗೆ ಹೋಯಿತು. ಎಲ್ಲ ಅಂಚುಗಳೂ ಬರಲಿಲ್ಲ, ಆ ಒಂದೇ ಬಂತು.

ಮದುವೆಗೆ ಲಕ್ಷ್ಮೇಶ್ವರಕ್ಕೆ ಹೋದೆವು. ಮಹಬೂಬಸಾಬ ನಮ್ಮನ್ನು ಮೊದಲು ಒಯ್ದದ್ದು ಒಳಕೋಣೆಗೆ, ಮೋತಿಬಿಯ ಹತ್ತಿರ. ಮುದುಕಿಯ ದಿಂಬಿನ ಪಕ್ಕ ಕಾರ್ಡಿತ್ತು. ಕನ್ನಡಕ ಹಾಕಿಕೊಂಡು ನಮ್ಮೆದುರೇ ಉರ್ದು ಸಾಲನ್ನು ಬೆರಳಿಟ್ಟು ಓದಿ ತೋರಿಸಿದಳು.

"ಅಕ್ಷರ ಒಂದೀಟು ನೆಟ್ಟಗ ನಿಂತಾವ. ನಾವು ಕಲ್ತದ್ದು ಬಳಕ್ತಿತ್ತು," ಎಂದು ಮೊದಲು ತಕರಾರು ತೆಗೆದಳು. ಆಮೇಲೆ ಶಿವರಂಜನಿಯ ಕೈ ಹಿಡಿದುಕೊಂಡಳು. "ನಮ್ಮ ಮನ್ಯಾಗ ಎಷ್ಟ್ ಶಾದಿ ಆದ್ವು ಯವ್ವಾ. ಎಲ್ಲಾ ಕಾರ್ಡೂ ಯಾರರೆ ಓದಿ ಹೇಳಿದ್ರು, ನಾ ಕೇಳಿದೆ. ಇದೊಂದು ನಾನ ಓದೀನಿ."

ತಿರುಗಿ ಬರುವ ಬಸ್ಸಿನಲ್ಲಿ ನನ್ನ ಎದೆ ಮತ್ತೆ ಮೆಲ್ಲಗೆ ಉಬ್ಬತೊಡಗಿತ್ತು. "ನೋಡು, ನಾ ಅವತ್ತು ಲಿನಕ್ಸ್ ಹಾಕಿದ್ದಕ್ಕ..."

"ಅದು ಚಲೋದು," ಅಂದಳು ಶಿವರಂಜನಿ, ಕಿಟಕಿಯ ಹೊರಗೆ ನೋಡುತ್ತ. "ನೀವು ಮಾಡಿದ್ದು ಚಲೋದಲ್ಲ. ಎರಡೂ ಖರೆ."

ಸ್ವಲ್ಪ ದೂರ ಹೋದ ಮೇಲೆ ಅವಳೇ ಅಂದಳು: "ಆ ಕಂಪನಿಯವರು ನಮ್ಮನ್ನ ಏನೂ ಕೇಳಂಗಿಲ್ಲ ಅಂತ ಅವತ್ತು ಅಷ್ಟ್ ಭಾಷಣ ಮಾಡಿದ್ರಿ. ನಿಮ್ಮ ಸೀಡಿನ ಎಷ್ಟ್ ಸಲ ಕೇಳ್ತು ನೋಡ್ರಿ, ಅಳಸ್ಲೋ ಬ್ಯಾಡೋ ಅಂತ. ಕೇಳಲಾರದವರು ನೀವೊಬ್ರ."

ಬೇಕಾದರೆ ಕಳಕಪ್ಪನಿಂದ ಹಳೆಯದನ್ನೇ ಹಾಕಿಸಿಕೊಡುತ್ತೇನೆ ಅಂದೆ. ಬೇಡ ಅಂದಳು. "ಕಲ್ತೀನಿ ಈಗ. ಅದರ ಸಿಟ್ಟು ಸೆಡವು ಗೊತ್ತಾಗೇತಿ. ಇರ್ಲಿ."

ಇದಾಗಿ ಒಂದು ವರ್ಷದ ಮೇಲೆ ಧಾರವಾಡದಿಂದ ಫೋನು ಬಂತು, ಅದೇ ಶಿಬಿರದವರದು. ಬೆಟಗೇರಿಯ ಒಂದು ಮನೆಯಲ್ಲಿ ಲಿನಕ್ಸಿನಲ್ಲಿ ಕನ್ನಡ, ಉರ್ದು ಎರಡೂ ಸೇರಿಸಿ ಕಾರ್ಡು ಮಾಡುತ್ತಾರೆ ಎಂದು ಅವರಿಗೆ ಖಬರ ಹೋಗಿತ್ತು. ಈ ಸಲ ನಮ್ಮಲ್ಲಿ ಬಂದು ಮಾತಾಡಬೇಕು ಅಂದರು. ನಾನು ಗಂಟಲು ಸರಿಮಾಡಿಕೊಂಡು, "ಬರ್ತೀನಿ, ಅದಕ್ಕೇನು," ಅಂದೆ. ಅತ್ತ ಕಡೆಯವರು ಸ್ವಲ್ಪ ತಡವರಿಸಿ, "ಶಿವರಂಜನಿ ಮೇಡಂ ಇದ್ದಾರಾ ಸರ್?" ಎಂದು ಕೇಳಿದರು.

ಹೋದೆವು. ಅವಳು ವೇದಿಕೆಯ ಮೇಲೆ, ನಾನು ಕೊನೆಯ ಸಾಲಿನಲ್ಲಿ ಅವಳ ಚೀಲ ಹಿಡಿದುಕೊಂಡು. ಶಿವರಂಜನಿ ಹೊಗಳಿದ್ದು ಸ್ವಲ್ಪ, ಬೈದದ್ದು ಜಾಸ್ತಿ. "ಒತ್ತಕ್ಷರ ಒಡೆಯೂದು ಯಾವಾಗ ಸರಿ ಮಾಡ್ತೀರಿ? ಪ್ರಿಂಟರ್ ಯಾವಾಗ ಮಾತು ಕೇಳ್ತೈತಿ? ಪುಕ್ಕಟ ಕೊಟ್ಟೀವಿ ಅಂತ ಹೆಂಗ ಬೇಕಾದ್ರ ಹಂಗ ಕೊಡಬ್ಯಾಡ್ರಿ. ಇದರ ಮ್ಯಾಲೆ ಜನ ಮದವಿ ಮಾಡ್ತಾರ." ಅವರೆಲ್ಲ ತಲೆಬಾಗಿಸಿ ಬರೆದುಕೊಳ್ಳುತ್ತಿದ್ದರು. ನನಗೆ ಎಷ್ಟು ಹಿತವಾಯಿತು! ಬೈಸಿಕೊಳ್ಳುವವನು ನಾನೊಬ್ಬನೇ ಅಲ್ಲ!

ಆಗ ಸಂಘಟಕರೊಬ್ಬರ ಕಣ್ಣು ನನ್ನ ಮೇಲೆ ಬಿತ್ತು. "ಸರ್, ನೀವು ಹೋದ ವರ್ಷ ಬಂದಿದ್ದವರಲ್ಲವೇ! ನೋಡಿ, ಮೇಡಂ ಮನೆಗೆ ಲಿನಕ್ಸ್ ತಂದವರೇ ಇವರು! ಎದ್ದು ನಿಲ್ಲಿ ಸರ್. ನಿಮ್ಮ ಅನುಭವ ಹೇಳಿ. ದಿನಾ ಎಷ್ಟು ಹೊತ್ತು ಬಳಸುತ್ತೀರಿ?"

ಇಡೀ ಸಭೆ ತಿರುಗಿ ನೋಡಿತು. ಚಪ್ಪಾಳೆಯೂ ಬಿತ್ತು. ಚೀಲ ಎದೆಗವಚಿಕೊಂಡು ಎದ್ದು ನಿಂತೆ. ಸುಳ್ಳು ಹೇಳಬಹುದಿತ್ತು, ಆದರೆ ವೇದಿಕೆಯ ಮೇಲಿಂದ ಆ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು.

"ಇಲ್ರಿ... ಆ ಭಾನುವಾರ ಆದ ಮ್ಯಾಲೆ ಅದಕ್ಕೊಂದು ಹೊಸಾ ಪಾಸ್‌ವರ್ಡ್ ಆಗೇತ್ರಿ. ನನಗ ಇನ್ನೂ ಹೇಳಿಲ್ಲ."

ಸಭೆ ಹೋ ಎಂದು ನಕ್ಕಿತು. ನಗು ಇಳಿಯುವ ತನಕ ಕಾದು, ಶಿವರಂಜನಿ ಮೈಕನ್ನು ತನ್ನ ಕಡೆ ಎಳೆದುಕೊಂಡಳು.

"ಕೇಳಿದ್ರ ಹೇಳತಿದ್ದೆ. ಅವರು ಇವತ್ತಿನ ತನಕ ಕೇಳೇ ಇಲ್ರಿ!"